ಹೆಸರು ಕಳೆದುಕೊಂಡ ಹಳ್ಳಗಳು: ಎಡೆದೊರೆ ನಾಡಿನಿಂದ ಜಪಾನಿನ ಅನಿಮೇಷನ್ ಚಿತ್ರಗಳನ್ನು ನೋಡುತ್ತ

ಜಪಾನಿನ ಅನಿಮೇಷನ್ ಚಿತ್ರಗಳು ಯಾಕೆ ಇಷ್ಟ ಎಂದು ನನ್ನ ವಯಸ್ಸಿನವರನ್ನು ಕೇಳಿದರೆ ಹೆಚ್ಚಾಗಿ ಎರಡು ಉತ್ತರ ಬರುತ್ತವೆ. ಒಂದು, ಅವು ಕಣ್ಣಿಗೆ ಹಬ್ಬ. ಹುಲ್ಲಿನ ಮೇಲೆ ಓಡುವ ಗಾಳಿ, ಕುದಿಯುವ ಸಾರಿನ ಹಬೆ, ಮಳೆಯಲ್ಲಿ ನೆನೆಯುತ್ತ ನಿಂತ ಬಸ್ ಸ್ಟಾಪು. ಇನ್ನೊಂದು, ಅವನ್ನು ನೋಡಿದರೆ ಮನಸ್ಸಿಗೆ ಸಮಾಧಾನ. 2025ರ ಮಾರ್ಚಿನಲ್ಲಿ ಎಲ್ಲರೂ ತಮ್ಮ ಮದುವೆ ಫೋಟೊ, ಮಕ್ಕಳ ಫೋಟೊಗಳನ್ನು ಕೃತಕ ಬುದ್ಧಿಮತ್ತೆಯಿಂದ 'ಗಿಬ್ಲಿ' ಶೈಲಿಗೆ ಬದಲಿಸಿಕೊಂಡು ವಾಟ್ಸಾಪ್ ತುಂಬಿಸಿದ್ದು ಈ ಎರಡೂ ಕಾರಣಗಳಿಗೆ.

ಸುಳ್ಳು ಉತ್ತರಗಳೇನಲ್ಲ. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಡುವೆ ಬೆಳೆದು, ಈಗ ತುಂಗಭದ್ರಾ ಎಡದಂಡೆ ಕಾಲುವೆಯ ಸಾಮಾಜಿಕ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನ್ನನ್ನು ಈ ಚಿತ್ರಗಳು ಹಿಡಿದಿಟ್ಟಿದ್ದು ಬೇರೆ ಕಾರಣಕ್ಕೆ. ನಮ್ಮ ಭಾಗದ ಚರಿತ್ರೆಯನ್ನು ಇದುವರೆಗೆ ಎರಡು ಬಗೆಯಲ್ಲಿ ಬರೆಯಲಾಗಿದೆ. ಒಂದು ಶಾಸನ, ಕೋಟೆ, ಯುದ್ಧಗಳ ಚರಿತ್ರೆ. ಇನ್ನೊಂದು ಅಣೆಕಟ್ಟು, ಎಕರೆ, ಕ್ವಿಂಟಾಲುಗಳ ಚರಿತ್ರೆ. ಮೊದಲನೆಯದರಲ್ಲಿ ಸಾಮಾನ್ಯ ಜನ ಇಲ್ಲ; ಎರಡನೆಯದರಲ್ಲಿ ಕಳೆದುಕೊಂಡದ್ದರ ಲೆಕ್ಕ ಇಲ್ಲ. ಗಳಿಸಿದ್ದನ್ನೂ ಕಳೆದುಕೊಂಡದ್ದನ್ನೂ ಒಂದೇ ಕತೆಯಲ್ಲಿ, ಯಾರನ್ನೂ ಸುಲಭವಾಗಿ ಖಳನನ್ನಾಗಿ ಮಾಡದೆ ಹೇಳುವುದು ಹೇಗೆ? ನನಗೆ ಇದಕ್ಕೆ ಮಾದರಿ ಸಿಕ್ಕಿದ್ದು ಚರಿತ್ರೆಯ ಪುಸ್ತಕಗಳಿಗಿಂತ ಹೆಚ್ಚಾಗಿ ಹಯಾಒ ಮಿಯಾಝಾಕಿ ಮತ್ತು ಇಸಾಒ ತಾಕಾಹಾತಾ ಅವರ ಚಿತ್ರಗಳಲ್ಲಿ.

ಜಪಾನಿನ ಅನಿಮೇಷನ್ ಎಂದರೆ ಒಂದೇ ಬಗೆಯದಲ್ಲ. ರೋಬೋಟು, ಕತ್ತಿವರಸೆ, ಶಾಲೆಯ ಕ್ರಿಕೆಟಿನಂಥ ಬೇಸ್‌ಬಾಲು, ಎಲ್ಲವೂ ಅದರಲ್ಲಿವೆ. ಇಲ್ಲಿ ನಾನು ಮುಖ್ಯವಾಗಿ ಮಾತಾಡುವುದು ಈ ಇಬ್ಬರು 1985ರಲ್ಲಿ ಕಟ್ಟಿದ ಗಿಬ್ಲಿ ಸ್ಟುಡಿಯೊದ ಚಿತ್ರಗಳ ಬಗ್ಗೆ.

ನಮ್ಮೂರಿಗೆ ಬಂದ ದಾರಿ

ಜಪಾನಿನ ಅನಿಮೇಷನ್ ನಮಗೆ ಹೊಸದಲ್ಲ, ಅದು ಜಪಾನಿನದು ಎಂಬುದು ಗೊತ್ತಿರಲಿಲ್ಲ ಅಷ್ಟೆ. 1993ರಲ್ಲಿ ದೂರದರ್ಶನದಲ್ಲಿ ಬಂದು, ಗುಲ್ಜಾರರ ಹಾಡಿನಿಂದ ಮನೆಮಾತಾದ ಮೋಗ್ಲಿಯ ಧಾರಾವಾಹಿ ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆ 1989ರಲ್ಲಿ ತಯಾರಿಸಿದ್ದು. ಅದೇ ಕಾಲದ ಇನ್ನೊಂದು ಕತೆ ನಮಗೆ ಇನ್ನೂ ಹತ್ತಿರದ್ದು. ಯುಗೊ ಸಾಕೊ ಎಂಬ ಜಪಾನಿ ನಿರ್ಮಾಪಕರು 1983ರಲ್ಲಿ ಪುರಾತತ್ವಜ್ಞ ಬಿ.ಬಿ. ಲಾಲ್ ಅವರ ಉತ್ಖನನಗಳ ಮೇಲೆ ಸಾಕ್ಷ್ಯಚಿತ್ರ ಮಾಡಲು ಭಾರತಕ್ಕೆ ಬಂದವರು. ರಾಮಾಯಣದ ಕತೆ ಅವರನ್ನು ಬಿಡಲಿಲ್ಲ. ಭಾರತದ ಅನಿಮೇಷನ್ನಿನ ಹಿರಿಯ ರಾಮ್ ಮೋಹನ್ ಅವರ ಜೊತೆ ಸೇರಿ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ಮಾಡಿದರು. 1992ರ ಈ ಚಿತ್ರ ಇಲ್ಲಿನ ಚಿತ್ರಮಂದಿರಗಳಿಗೆ ದೊಡ್ಡ ಮಟ್ಟದಲ್ಲಿ ಬಂದದ್ದು 2025ರ ಜನವರಿಯಲ್ಲಿ. ಜನ ಕಿಷ್ಕಿಂಧೆ ಎಂದು ನಂಬುವ ಆನೆಗೊಂದಿ ಇರುವುದು ಸಿಂಧನೂರಿನಿಂದ ಮೇಲಕ್ಕೆ, ಅದೇ ತುಂಗಭದ್ರೆಯ ದಂಡೆಯ ಮೇಲೆ.

ನನ್ನ ಬಾಲ್ಯಕ್ಕೆ ಸಿಕ್ಕಿದ್ದು ಡೋರೆಮಾನ್ ಮತ್ತು ಶಿನ್‌ಚಾನ್. ನಮ್ಮ ಕಡೆಯ ಎಷ್ಟೋ ಮಕ್ಕಳು ಹಿಂದಿ ಕಲಿತದ್ದು ಶಾಲೆಯಲ್ಲಲ್ಲ, ಇವರಿಬ್ಬರ ಬಾಯಲ್ಲಿ. ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ಅದೇ ಬೊಂಬೆಗಳು ತೆಲುಗು ಮಾತಾಡುತ್ತಿದ್ದವು. ಡಬ್ಬಿಂಗ್ ಬೇಡ ಎಂಬ ಕನ್ನಡ ಚಿತ್ರರಂಗದ ದಶಕಗಳ ನಿಲುವಿಗೆ ಅದರದೇ ಕಾರಣಗಳಿದ್ದವು. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೂ ಈ ಚಿತ್ರಗಳ ಮಟ್ಟಿಗೆ ಹೆಚ್ಚು ಬದಲಾಗಿಲ್ಲ. 2025ರ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್' ಸರಣಿಯ ದೊಡ್ಡ ಚಿತ್ರ ಭಾರತಕ್ಕೆ ಬಂದಾಗ ಹಿಂದಿ, ತಮಿಳು, ತೆಲುಗು ಇದ್ದವು, ಕನ್ನಡ ಇರಲಿಲ್ಲ. ಗಿಬ್ಲಿ ಚಿತ್ರಗಳು 2020ರಲ್ಲಿ ನೆಟ್‌ಫ್ಲಿಕ್ಸಿಗೆ ಬಂದವು. ಲಾಕ್‌ಡೌನಿನಲ್ಲಿ ಹಾಸ್ಟೆಲು ಬಿಟ್ಟು ಊರಿಗೆ ಮರಳಿದ್ದ ನಮ್ಮಂಥವರು ಅವನ್ನು ನೋಡಿದ್ದು ಮಾಳಿಗೆಯ ಮೇಲೆ, ಸಿಗ್ನಲ್ ಸಿಗುವ ಮೂಲೆಯಲ್ಲಿ, ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು. ಕೆಳಗೆ ಕಾಲುವೆ ನೀರಿನ ಭತ್ತ, ಕೈಯಲ್ಲಿ ಜಪಾನಿನ ಭತ್ತ.

ಸೋತ ದೇಶದ ಮಕ್ಕಳು

ಜಪಾನಿನ ಮೊದಲ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರ ಒಂದು ಯುದ್ಧಪ್ರಚಾರದ ಚಿತ್ರ. ನೌಕಾಪಡೆಯ ಹಣದಿಂದ ಮಿತ್ಸುಯೊ ಸೆಒ ನಿರ್ದೇಶಿಸಿದ 'ಮೊಮೊತಾರೊ' 1945ರಲ್ಲಿ ತೆರೆಗೆ ಬಂತು. ಮುದ್ದು ಮೊಲ, ಕೋತಿ, ಕರಡಿಗಳು ಅದರಲ್ಲಿ ಸೈನಿಕರು. ಕೆಲವೇ ತಿಂಗಳಲ್ಲಿ ಹಿರೋಶಿಮಾ, ನಾಗಸಾಕಿಗಳ ಮೇಲೆ ಬಾಂಬು ಬಿತ್ತು, ದೇಶ ಶರಣಾಯಿತು. ಮುಂದೆ ಈ ಕಲೆಯನ್ನು ಬೆಳೆಸಿದವರು ಆ ವರ್ಷ ಬದುಕುಳಿದ ಮಕ್ಕಳು. ತಾಕಾಹಾತಾಗೆ ಆಗ 9 ವರ್ಷ. 1945ರ ಜೂನ್ 29ರಂದು ಒಕಾಯಾಮಾ ನಗರದ ಮೇಲೆ ಬೆಂಕಿಬಾಂಬು ಬಿದ್ದಾಗ ಬೀದಿಯಲ್ಲಿ ಓಡಿ ಜೀವ ಉಳಿಸಿಕೊಂಡರು. ಮಿಯಾಝಾಕಿಗೆ 4 ವರ್ಷ. ಅವರ ಮನೆತನದ ಕಾರ್ಖಾನೆ ಯುದ್ಧವಿಮಾನಗಳಿಗೆ ಬಿಡಿಭಾಗ ಮಾಡುತ್ತಿತ್ತು. ಉತ್ಸುನೊಮಿಯಾ ಉರಿಯುತ್ತಿದ್ದ ರಾತ್ರಿ ಅವರ ಕುಟುಂಬ ಲಾರಿಯಲ್ಲಿ ಪಾರಾಯಿತು. ಮಗುವನ್ನೆತ್ತಿಕೊಂಡು ತಮ್ಮನ್ನೂ ಹತ್ತಿಸಿಕೊಳ್ಳಿ ಎಂದು ಬೇಡಿದವರನ್ನು ಬಿಟ್ಟು ಲಾರಿ ಮುಂದೆ ಹೋಯಿತು. ಈ ನೆನಪನ್ನು ಅವರು ಹಲವು ಸಲ ಹೇಳಿಕೊಂಡಿದ್ದಾರೆ. ವಿಮಾನಗಳ ಮೇಲೆ ಅಷ್ಟು ಮೋಹ, ಯುದ್ಧದ ಮೇಲೆ ಅಷ್ಟು ಅಸಹ್ಯ, ಎರಡೂ ಒಬ್ಬರಲ್ಲೇ ಇರುವುದು ಹೇಗೆ ಎಂಬುದಕ್ಕೆ ಉತ್ತರ ಆ ಲಾರಿಯಲ್ಲಿದೆ.

1988ರ ಏಪ್ರಿಲ್ 16ರಂದು ಗಿಬ್ಲಿ ಎರಡು ಚಿತ್ರಗಳನ್ನು ಒಟ್ಟಿಗೆ ಬಿಡುಗಡೆ ಮಾಡಿತು. ಒಂದು ಮಿಯಾಝಾಕಿಯ 'ಮೈ ನೇಬರ್ ಟೊಟೊರೊ', ಇನ್ನೊಂದು ತಾಕಾಹಾತಾರ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್'. ಒಂದರಲ್ಲಿ ಇಬ್ಬರು ಅಕ್ಕತಂಗಿಯರನ್ನು ಕಾಡಿನ ದೇವರು ಕಾಯುತ್ತಾನೆ. ಇನ್ನೊಂದರಲ್ಲಿ ಅಣ್ಣತಂಗಿಯನ್ನು ಯಾರೂ ಕಾಯುವುದಿಲ್ಲ, ತಂಗಿ ಹಸಿವಿನಿಂದ ಸಾಯುತ್ತಾಳೆ. ಬಾಂಬು ಹಾಕಿದವರ ಮುಖ ಎರಡನೆಯ ಚಿತ್ರದಲ್ಲಿ ಇಲ್ಲವೇ ಇಲ್ಲ. ಇರುವುದು ಅಕ್ಕಿ ಅಳೆಯುವ ದೊಡ್ಡಮ್ಮ, ಕೈ ಚೆಲ್ಲುವ ವೈದ್ಯ, ಹೊಲ ಕಾಯುವ ರೈತ. ಎಲ್ಲರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯೇ ಇದ್ದಾರೆ, ಮಗು ಮಾತ್ರ ಸಾಯುತ್ತದೆ. 2016ರ 'ಇನ್ ದಿಸ್ ಕಾರ್ನರ್ ಆಫ್ ದಿ ವರ್ಲ್ಡ್' ಚಿತ್ರದ ಸುಝು ಇದೇ ಯುದ್ಧವನ್ನು ಅಡುಗೆಮನೆಯಿಂದ ನೋಡುತ್ತಾಳೆ: ಪಡಿತರ ಕಡಿಮೆಯಾದಂತೆ ಯಾವ ಸೊಪ್ಪು ಕುಯ್ದು, ಎಷ್ಟು ಅಕ್ಕಿಗೆ ಎಷ್ಟು ನೀರು ಹಾಕಿ ಊಟ ಹೆಚ್ಚಿಸಬೇಕು ಎಂಬ ಲೆಕ್ಕದಲ್ಲಿ.

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ನಮ್ಮ ನೆಲಕ್ಕೆ ಹಳೆಯ ಹೆಸರು ಎಡೆದೊರೆ ನಾಡು. ಇದಕ್ಕಾಗಿ ಬಹಮನಿ ಮತ್ತು ವಿಜಯನಗರದವರು ತಲೆಮಾರುಗಳ ಕಾಲ ಕಾದಾಡಿದರು. ಲಿಂಗಸುಗೂರು ತಾಲೂಕಿನ ಮುದಗಲ್ ಕೋಟೆ ಎಷ್ಟೋ ಸಲ ಕೈ ಬದಲಾಯಿಸಿತು. 1520ರ ರಾಯಚೂರು ಯುದ್ಧದಲ್ಲಿ ಎಷ್ಟು ಕುದುರೆ, ಎಷ್ಟು ಆನೆ ಇದ್ದವು ಎಂದು ಓದಿದ್ದೇವೆ. ಸೇನೆ ಹಾದುಹೋದ ದಾರಿಯ ಹೊಲದಲ್ಲಿ ಆ ವರ್ಷ ಯಾರು ಏನು ಉಂಡರು ಎಂಬುದನ್ನು ಯಾರೂ ಬರೆದಿಡಲಿಲ್ಲ. ಸುಝುವಿನ ಲೆಕ್ಕ ನಮ್ಮಲ್ಲಿಲ್ಲ.

ಆದರೆ ಯುದ್ಧದಿಂದ ಓಡಿ ಬಂದವರು ನಮ್ಮ ನಡುವೆ ಈಗಲೂ ಇದ್ದಾರೆ. 1970ರ ದಶಕದ ಆರಂಭದಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಸಿಂಧನೂರು ತಾಲೂಕಿನಲ್ಲಿ ನೆಲೆ ಕೊಟ್ಟಿತು. ಅವು ಆರ್.ಎಚ್. ಕ್ಯಾಂಪುಗಳು, ಅಂದರೆ ಪುನರ್ವಸತಿ ಕ್ಯಾಂಪುಗಳು. ನೀರು, ಮೀನು, ಹಸಿರು ಬಿಟ್ಟು ಗೊತ್ತಿಲ್ಲದವರು ಎರೆ ಭೂಮಿಗೆ, ಬಿರುಬಿಸಿಲಿಗೆ ಬಂದರು. ದುರ್ಗಾಪೂಜೆಯನ್ನು ಜೊತೆಗೆ ತಂದರು. ಪೌರತ್ವದ ಕಾಗದಕ್ಕಾಗಿ ದಶಕಗಳ ಕಾಲ ಕಾದರು. ಸಿಂಧನೂರಿನ ಸಂತೆಯಲ್ಲಿ ಅವರ ಮಕ್ಕಳು ನಮ್ಮದೇ ಧಾಟಿಯ ಕನ್ನಡ ಮಾತಾಡುತ್ತಾರೆ. ನಮ್ಮ ಸ್ಥಳೀಯ ಚರಿತ್ರೆಯ ಪುಸ್ತಕಗಳಲ್ಲಿ ಅವರಿಗೆ ಒಂದು ಪ್ಯಾರಾ ಸಿಕ್ಕರೆ ಹೆಚ್ಚು.

ಚಿನ್ನ, ಕಬ್ಬಿಣ, ಪಶ್ಚಾತ್ತಾಪ

1984ರಲ್ಲಿ ಬ್ರಿಟನ್ನಿನಲ್ಲಿ ಗಣಿ ಕಾರ್ಮಿಕರ ದೊಡ್ಡ ಮುಷ್ಕರ ನಡೆಯಿತು. ಆ ಹೊತ್ತಿನಲ್ಲಿ ಮಿಯಾಝಾಕಿ ವೇಲ್ಸ್‌ಗೆ ಹೋಗಿ ಗಣಿ ಊರುಗಳನ್ನು ನೋಡಿ ಬಂದರು. 1986ರ 'ಕ್ಯಾಸಲ್ ಇನ್ ದಿ ಸ್ಕೈ' ಚಿತ್ರದ ಪಾಝು ಎಂಬ ಹುಡುಗ ದುಡಿಯುವ ಗಣಿ ಊರು ಆ ಪ್ರವಾಸದ ಫಲ. ಅದನ್ನು ನೋಡುವಾಗ ನನಗೆ ಹಟ್ಟಿಯೇ ಕಣ್ಣಮುಂದೆ ಬರುತ್ತದೆ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಸುಮಾರು 2000 ವರ್ಷಗಳ ಹಿಂದೆಯೇ ಜನ ಚಿನ್ನಕ್ಕಾಗಿ ನೆಲ ಬಗೆದಿದ್ದರು. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ಬಿರುಕು ಬಿಡಿಸಿ, ಕಲ್ಲಿನಿಂದ ಕುಟ್ಟಿ 640 ಅಡಿ ಆಳಕ್ಕೆ ಇಳಿದಿದ್ದರು. ಪ್ರಾಚೀನ ಜಗತ್ತಿನ ಅತಿ ಆಳದ ಗಣಿಗಳಲ್ಲಿ ಅದೂ ಒಂದು. ಅಷ್ಟು ಆಳದಲ್ಲಿ ಹೊಗೆ ಕುಡಿದವರು ಯಾರು, ಬಂದ ಚಿನ್ನ ಯಾರ ಕೊರಳಿಗೆ ಹೋಯಿತು ಎಂಬ ಪ್ರಶ್ನೆಗಳು ನೆಲದೊಳಗೇ ಉಳಿದಿವೆ. 2001ರಲ್ಲಿ ಕೆಜಿಎಫ್ ಮುಚ್ಚಿದ ಮೇಲೂ ಹಟ್ಟಿ ನಡೆಯುತ್ತಲೇ ಇದೆ.

ಮಸ್ಕಿಯ ಅಶೋಕನ ಶಾಸನ ಬೆಳಕಿಗೆ ಬಂದದ್ದೂ ಚಿನ್ನದ ದೆಸೆಯಿಂದ. 1915ರಲ್ಲಿ ಅದನ್ನು ಪತ್ತೆ ಮಾಡಿದ ಸಿ. ಬೀಡನ್, ನಿಜಾಮರ ಸಂಸ್ಥಾನದಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ಅಲ್ಲಿಂದ ಖಚಿತವಾಯಿತು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅಶೋಕನ ಶಾಸನ ಇಲ್ಲಿ ಯಾಕೆ ಇದೆ ಎಂದು ಕೇಳಿದರೆ ಹಲವು ವಿದ್ವಾಂಸರು ಕೊಡುವ ಉತ್ತರವೂ ಈ ಸೀಮೆಯ ಚಿನ್ನವೇ. ಅಂದರೆ ಧರ್ಮದ ಮಾತನ್ನು ಕೆತ್ತಿಸಿದ ಸಾಮ್ರಾಜ್ಯದ ಕಣ್ಣು ಅದೇ ಬಂಡೆಗಳ ಒಡಲಿನ ಮೇಲೂ ಇತ್ತು. ಇನ್ನೊಂದು ಸಂಗತಿ: ಕಳಿಂಗದಲ್ಲಿ ಸತ್ತವರಿಗಾಗಿ ಅಶೋಕ ಮರುಗಿದ 13ನೇ ಶಾಸನವನ್ನು ಕಳಿಂಗದ ಧೌಲಿ, ಜೌಗಡಗಳಲ್ಲಿ ಕೆತ್ತಿಸಲೇ ಇಲ್ಲ. ಕೊಂದವನ ಪಶ್ಚಾತ್ತಾಪ ಸತ್ತವರ ಊರಿನವರಿಗೆ ಓದಲು ಸಿಗಲಿಲ್ಲ.

ಇಂಥ ಇಬ್ಬಗೆಯನ್ನು ನಾನು ಅರ್ಥ ಮಾಡಿಕೊಂಡದ್ದು 1997ರ 'ಪ್ರಿನ್ಸೆಸ್ ಮೊನೊನೊಕೆ'ಯಿಂದ. ಎಬೋಶಿ ಎಂಬ ಹೆಂಗಸು ಕಾಡು ಕಡಿದು ಕಬ್ಬಿಣ ಕರಗಿಸುವ ಊರು ಕಟ್ಟಿದ್ದಾಳೆ. ಅವಳ ಬಂದೂಕಿನ ಗುಂಡು ತಾಗಿದ ಹಂದಿದೇವರು ನೋವಿನಿಂದ ಹುಚ್ಚೆದ್ದು ದೂರದ ಊರುಗಳ ಮೇಲೆ ಬೀಳುತ್ತಾನೆ. ಬೇರೆ ಯಾರೇ ಆಗಿದ್ದರೂ ಇವಳನ್ನು ರಾಕ್ಷಸಿ ಮಾಡಿಬಿಡುತ್ತಿದ್ದರು. ಆದರೆ ಇವಳ ಊರಿನಲ್ಲಿ ತಿದಿ ಒತ್ತುವವರು ಸೂಳೆಗೇರಿಯಿಂದ ಬಿಡಿಸಿ ತಂದ ಹೆಂಗಸರು. ಬಂದೂಕು ಮಾಡುವವರು ಎಲ್ಲರೂ ಹೊರಗೆ ಹಾಕಿದ ಕುಷ್ಠರೋಗಿಗಳು. ಕೊಳೆತ ಮೈಯನ್ನು ಮುಟ್ಟಿ ತೊಳೆದವಳು ಇವಳೊಬ್ಬಳೇ. ಕಾಡಿಗೆ ಶತ್ರುವಾದವಳೇ ದಿಕ್ಕಿಲ್ಲದವರಿಗೆ ದಿಕ್ಕು. ಇಬ್ಬರಲ್ಲಿ ಯಾರ ಪರ ನಿಲ್ಲುತ್ತೀಯ ಎಂದು ಚಿತ್ರ ಕೇಳುವುದಿಲ್ಲ. ಎರಡೂ ನಿಜ ಎಂದಾಗ ಹೇಗೆ ಬದುಕುತ್ತೀಯ ಎಂದು ಕೇಳುತ್ತದೆ.

ಬೆರೆತ ದೇವರು

ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರಿನಷ್ಟು ಪ್ರಸಿದ್ಧವಲ್ಲದ ಒಂದು ಮಾತಿದೆ. ಹಿಂದೆ ಜಂಬೂದ್ವೀಪದಲ್ಲಿ ದೇವತೆಗಳು ಮನುಷ್ಯರಿಂದ ದೂರವಿದ್ದರು, ಈಗ ಅವರೊಡನೆ ಬೆರೆತಿದ್ದಾರೆ ಎಂಬರ್ಥದ ಮಾತು. ಇದರ ನಿಜವಾದ ಅರ್ಥ ಏನು ಎಂಬ ಬಗ್ಗೆ ವಿದ್ವಾಂಸರಲ್ಲಿ ಬಹಳ ಚರ್ಚೆಯಿದೆ. ಅದರ ಜೊತೆಗೇ ಶಾಸನ ಇನ್ನೊಂದನ್ನು ಹೇಳುತ್ತದೆ: ಈ ಫಲ ದೊಡ್ಡವರಿಗೆ ಮಾತ್ರವಲ್ಲ, ಧರ್ಮದಲ್ಲಿ ನಡೆದರೆ ಚಿಕ್ಕವನಿಗೂ ದಕ್ಕುತ್ತದೆ.

ನಮ್ಮ ಕಡೆ ದೇವರು ಬೆರೆತಿರುವುದಕ್ಕೆ ಶಾಸನದ ಸಾಕ್ಷಿ ಬೇಕಿಲ್ಲ. ಊರಮ್ಮ, ದ್ಯಾಮವ್ವ, ಹೊಲದ ಬದುವಿನ ಕಲ್ಲು, ಕಾಲುವೆಗೆ ಮೊದಲ ನೀರು ಬಂದಾಗ ಬಾಗಿನ ಪಡೆಯುವ ಗಂಗಮ್ಮ. ಮುದಗಲ್ಲಿನ ಮೊಹರಮ್ಮಿನಲ್ಲಿ ಆಲಾಯಿ ದೇವರ ಮುಂದೆ ಹಿಂದೂಗಳು, ಮುಸ್ಲಿಮರು ಒಟ್ಟಿಗೆ ನಿಲ್ಲುತ್ತಾರೆ. ಜಪಾನಿನಲ್ಲಿ ಇವರನ್ನು ಕಾಮಿ ಎನ್ನುತ್ತಾರೆ. ನಮ್ಮ ಮುಕ್ಕೋಟಿ ದೇವತೆಗಳ ಹಾಗೆ ಅಲ್ಲಿ ಎಂಬತ್ತು ಲಕ್ಷ ದೇವರೆಂಬ ಮಾತಿದೆ. ಮರ, ಬಂಡೆ, ಹೊಳೆ, ಮೂಲಂಗಿ, ಎಲ್ಲಕ್ಕೂ ಒಬ್ಬೊಬ್ಬ ದೇವರು. 2001ರ 'ಸ್ಪಿರಿಟೆಡ್ ಅವೇ'ಯಲ್ಲಿ ಇವರೆಲ್ಲ ದಣಿವಾರಿಸಿಕೊಳ್ಳಲು ಒಂದು ಸ್ನಾನಗೃಹಕ್ಕೆ ಬರುತ್ತಾರೆ. ಒಂದು ರಾತ್ರಿ ಗಬ್ಬುನಾತದ ಕೆಸರಿನ ಮುದ್ದೆಯೊಂದು ಬರುತ್ತದೆ. ಚಿಹಿರೊ ಎಂಬ ಹುಡುಗಿ ಅದರ ಮೈಗೆ ಚುಚ್ಚಿಕೊಂಡದ್ದನ್ನು ಹಿಡಿದು ಎಳೆದರೆ ಮುರಿದ ಸೈಕಲ್ಲು ಬರುತ್ತದೆ, ಅದರ ಹಿಂದೆ ರಾಶಿ ರಾಶಿ ಕಸ. ಕೊನೆಗೆ ಉಳಿಯುವುದು ಒಂದು ಹೊಳೆಯ ದೇವರು. ಈ ದೃಶ್ಯವನ್ನು ಲ್ಯಾಪ್‌ಟಾಪಿನಲ್ಲಿ ನೋಡಿದ ನಮ್ಮ ಅಜ್ಜಿಗೆ ಭಾಷೆ ಅಡ್ಡ ಬರಲಿಲ್ಲ. "ಹೊಳಿಯವ್ವ ಅಲ್ಲೇನೋ ಅಕಿ? ಹಿಂಗ ಯಾರು ಮಾಡ್ಯಾರ?" ಅಂದಳು. ಜಪಾನಿನವರು ಅಂದೆ. "ಅಲ್ಲೂ ಮಾಡ್ತಾರೇನು?" ಎಂದು ಸುಮ್ಮನಾದಳು.

ಕಾಲುವೆ

ತಾಕಾಹಾತಾ 1987ರಲ್ಲಿ ಮಾಡಿದ ಒಂದು ಚಿತ್ರವನ್ನು ಅನಿಮೇಷನ್ ಪ್ರಿಯರು ಹೆಚ್ಚಾಗಿ ನೋಡಿರುವುದಿಲ್ಲ, ಯಾಕೆಂದರೆ ಅದು ಬಹುಮಟ್ಟಿಗೆ ಅನಿಮೇಷನ್ ಅಲ್ಲ. ಕ್ಯೂಶು ದ್ವೀಪದ ಯಾನಾಗಾವಾ ಊರಿನ ಕಾಲುವೆಗಳ ಕುರಿತ ಎರಡೂಮುಕ್ಕಾಲು ಗಂಟೆಯ ಸಾಕ್ಷ್ಯಚಿತ್ರ ಅದು. ಕತೆಯ ಚಿತ್ರವೊಂದಕ್ಕೆ ಜಾಗ ನೋಡಲು ಹೋದವರು ಕಾಲುವೆಯ ಕತೆಯಲ್ಲೇ ಸಿಕ್ಕಿಕೊಂಡರು. 'ನೌಸಿಕಾ' ಚಿತ್ರದಿಂದ ಬಂದ ಹಣವನ್ನು ಮಿಯಾಝಾಕಿ ಇದಕ್ಕೆ ಹಾಕಿದರು. ಕೊಳಾಯಿ ನೀರು ಬಂದ ಮೇಲೆ ಆ ಊರಿನವರು ಕಾಲುವೆಗಳಿಗೆ ಕಸ ಸುರಿದರು. 1970ರ ದಶಕದಲ್ಲಿ ಅವು ನಾರತೊಡಗಿದಾಗ ಮುಚ್ಚಿಬಿಡುವ ಯೋಜನೆ ತಯಾರಾಯಿತು. ಹಿರೊಮಾತ್ಸು ತ್ಸುತಾಎ ಎಂಬ ನಗರಸಭೆಯ ಅಧಿಕಾರಿ ಅದನ್ನು ತಡೆದರು. ಜನ ತಾವೇ ಇಳಿದು ಹೂಳೆತ್ತುವಂತೆ ಮಾಡಿದರು. ಕಾಲುವೆ ಎಂದರೆ ನೀರು ಸಾಗಿಸುವ ಕೊಳವೆಯಲ್ಲ, ಜನರ ನಡುವಿನ ಕರಾರು ಎಂಬುದು ಆ ಚಿತ್ರದ ಒಟ್ಟು ಮಾತು. ನನ್ನ ಸಂಶೋಧನೆಯ ಮೊದಲ ವರ್ಷದಲ್ಲಿ ಓದಿದ ಯಾವ ಲೇಖನವೂ ನನಗೆ ಇದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿರಲಿಲ್ಲ.

ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರವರಿ 28ರಂದು ಹೊಳೆಯ ಎರಡೂ ಬದಿಗೆ ಅಡಿಗಲ್ಲು ಬಿತ್ತು, ಒಂದು ಬದಿ ಹೈದರಾಬಾದ್ ಸಂಸ್ಥಾನ, ಇನ್ನೊಂದು ಮದ್ರಾಸ್ ಪ್ರಾಂತ್ಯ. ಜಪಾನಿನ ನಗರಗಳು ಉರಿದ ವರ್ಷವೂ ಅದೇ. 1953ರಲ್ಲಿ ಅಣೆಕಟ್ಟು ಮುಗಿಯಿತು. 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ಹಂತ ಹಂತವಾಗಿ ಸಿಂಧನೂರು ದಾಟಿ ರಾಯಚೂರಿನ ಕಡೆಗೆ ಹೊರಟಿತು. ಮೂಲ ಯೋಜನೆ ಭತ್ತದ್ದಲ್ಲ. ಬರದ ನಾಡಿಗೆ ರಕ್ಷಣೆಯಾಗಲಿ ಎಂದು ಸ್ವಲ್ಪ ನೀರನ್ನು ಬಹಳ ಜನರಿಗೆ ಹಂಚುವುದು, ಜೋಳ, ಹತ್ತಿಯಂಥ ಬೆಳೆಗೆ ಕೊಡುವುದು ಲೆಕ್ಕವಾಗಿತ್ತು. ನೀರಾವರಿ ಬೇಸಾಯ ಬಲ್ಲ ರೈತರು ಕರಾವಳಿ ಆಂಧ್ರದಿಂದ ಬಂದು ಭೂಮಿ ಕೊಂಡು, ಮುಳ್ಳುಕಂಟಿ ಕಡಿದು, ನೆಲ ಸಮ ಮಾಡಿ ಗದ್ದೆ ಕಟ್ಟಿದರು. ಸ್ಥಳೀಯರು ಅವರನ್ನು ನೋಡಿ ಕಲಿತರು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಕೊನೆ ಭಾಗದ ರೈತರಿಗೆ ನೀರು ಮುಟ್ಟುವುದು ಕಷ್ಟವಾಯಿತು. ಡಚ್ ಸಂಶೋಧಕ ಪೀಟರ್ ಮೊಲಿಂಗಾ ಇದೇ ಕಾಲುವೆಯ ನೀರಿನ ರಾಜಕಾರಣವನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ನೀರು ಹೆಚ್ಚಾದ ಕಡೆ ಎರೆ ಭೂಮಿ ಸವಳಾಯಿತು, ಜವಳಾಯಿತು. ಈಗ ನಮ್ಮ ಸೋನಾ ಮಸೂರಿ ದೇಶವೆಲ್ಲ ಹೋಗುತ್ತದೆ, ಬಿಳಿ ಉಪ್ಪು ಎದ್ದ ಹೊಲಗಳು ನಮ್ಮಲ್ಲೇ ಉಳಿಯುತ್ತವೆ.

ಇದನ್ನು ಹೇಳುವಾಗ ಜಾರುವುದು ಸುಲಭ. ಹಿಂದೆ ಎಲ್ಲ ಚೆನ್ನಾಗಿತ್ತು, ಬಿಳಿಜೋಳದ ರೊಟ್ಟಿ, ಹಳ್ಳದ ತಿಳಿನೀರು, ಕಾಲುವೆ ಬಂದು ಎಲ್ಲ ಹಾಳಾಯಿತು ಎಂದುಬಿಡಬಹುದು. ಗಿಬ್ಲಿ ಚಿತ್ರಗಳನ್ನು ಬರೀ ಹಸಿರಿಗಾಗಿ ನೋಡುವವರು ಇಂಥ ಹಂಬಲಕ್ಕೇ ಬೀಳುತ್ತಾರೆ. ಆದರೆ ತಾಕಾಹಾತಾರ 1991ರ 'ಓನ್ಲಿ ಯೆಸ್ಟರ್ಡೇ'ಯಲ್ಲಿ ಟೋಕಿಯೊದಿಂದ ಬಂದ ಹೆಂಗಸಿಗೆ ಹಳ್ಳಿಯ ತರುಣ ರೈತ ಒಂದು ಪಾಠ ಹೇಳುತ್ತಾನೆ. ನೀನು ಪ್ರಕೃತಿ ಎನ್ನುವ ಈ ಕಾಡು, ತೊರೆ, ಗದ್ದೆ ಎಲ್ಲವೂ ರೈತರು ತಲೆತಲಾಂತರದಿಂದ ದುಡಿದು ಮಾಡಿದ್ದು ಎನ್ನುವುದು ಅವನ ಮಾತಿನ ಸಾರ. ಇದು ನಮಗೂ ಸಲ್ಲುತ್ತದೆ. ಕಾಲುವೆಗೆ ಮೊದಲಿನ ಎಡೆದೊರೆ ನಾಡು ಸ್ವರ್ಗವಾಗಿರಲಿಲ್ಲ. 1876-78ರ ಬರ ಈ ಸೀಮೆಯನ್ನು ಬರಿದು ಮಾಡಿತ್ತು. ಜೋಳದ ರೊಟ್ಟಿ ಎಲ್ಲರ ತಟ್ಟೆಯಲ್ಲೂ ಇರಲಿಲ್ಲ. ಯಾರ ಹೊಲದಲ್ಲಿ ಯಾರು ಜೀತಕ್ಕಿದ್ದರು ಎಂಬುದನ್ನು ಬಿಟ್ಟು ಆ ಹೊಲವನ್ನು ಹೊಗಳಲಾಗದು. ನಾಟಿಗೆ ಹೋಗಿ ದಿನಗೂಲಿ ಪಡೆದ ದಲಿತ ಹೆಂಗಸಿಗೆ ಕಾಲುವೆ ಕೊಟ್ಟದ್ದೇನು ಎಂದು ಅವಳನ್ನೇ ಕೇಳಬೇಕು. ಎಬೋಶಿಯ ಊರಿನಲ್ಲಿ ತಿದಿ ಒತ್ತುವ ಹೆಂಗಸರು ಇಲ್ಲಿನ ಬದುಕು ಕಷ್ಟದ್ದು, ಆದರೆ ಹೊಟ್ಟೆ ತುಂಬ ಊಟ ಸಿಗುತ್ತದೆ, ಗಂಡಸರ ಕಾಟವಿಲ್ಲ ಎನ್ನುವ ಹಾಗೆಯೇ ಅವಳೂ ಹೇಳಬಹುದು.

ಈ ಚಿತ್ರಗಳಿಗೂ ಮಿತಿಗಳಿವೆ. ಟೊಟೊರೊದ ಹಳ್ಳಿಯಲ್ಲಿ ಎಲ್ಲರೂ ಒಳ್ಳೆಯವರು. ಜಪಾನಿನಲ್ಲಿಯೂ ಹುಟ್ಟಿನಿಂದ ಕೀಳೆಂದು ದೂರವಿಟ್ಟ ಬುರಾಕುಮಿನ್ ಜನರಿದ್ದಾರೆ, ಆದರೆ ಗಿಬ್ಲಿಯ ಹಸಿರು ಹಳ್ಳಿಗಳಲ್ಲಿ ಅವರ ಕೇರಿ ಕಾಣುವುದಿಲ್ಲ. ಬಾಂಬು ಬಿದ್ದ ಜಪಾನನ್ನು ತೋರಿಸಿದಷ್ಟು, ಚೀನಾ ಮತ್ತು ಕೊರಿಯಾದಲ್ಲಿ ಜಪಾನ್ ಮಾಡಿದ್ದನ್ನು ಇವು ತೋರಿಸಿಲ್ಲ. ನಮ್ಮ ಹಳ್ಳಿಯ ಚರಿತ್ರೆ ಬರೆಯುವವರು ಗಿಬ್ಲಿಯ ಬಣ್ಣಗಳನ್ನು ಹಾಗೇ ಎರವಲು ತಂದರೆ ಕೇರಿ ನಮ್ಮ ಚಿತ್ರದಿಂದಲೂ ಕಾಣೆಯಾಗುತ್ತದೆ. ಎರವಲು ತರಬೇಕಾದದ್ದು ಅವರ ಕೂಡುವ, ಕಳೆಯುವ ಲೆಕ್ಕವನ್ನು.

ಆ ಲೆಕ್ಕ ಇವತ್ತಿಗೂ ಬೇಕು. ಮಸ್ಕಿ ತಾಲೂಕಿನ ಪಾಮನಕಲ್ಲೂರಿನಲ್ಲಿ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು 2020-21ರಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ಮಸ್ಕಿ, ಲಿಂಗಸುಗೂರಿನ ಒಣ ಹಳ್ಳಿಗಳಿಂದ ಜನ ಇಂದಿಗೂ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಅವರಿಗೆ ಸವಳು ಭೂಮಿಯ ಕತೆ ಹೇಳಿ ಕಾಲುವೆ ಬೇಡ ಎನ್ನುವ ಹಕ್ಕು ನೀರುಂಡ ಸಿಂಧನೂರಿನವರಿಗೆ ಇಲ್ಲ. ಕಾಲುವೆ ಬಂದರೆ ನೀರು ಹೇಗೆ ಹಂಚಬೇಕು, ಯಾವ ಬೆಳೆಗೆ ಎಷ್ಟು ಎಂಬ ಅನುಭವವನ್ನು ಹೇಳುವ ಹೊಣೆ ಮಾತ್ರ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದಾಗ ಮೇಲ್ಭಾಗ, ಕೊನೆ ಭಾಗ ಎನ್ನದೆ ಎಲ್ಲರೂ ನಿದ್ದೆಗೆಟ್ಟರು. ಒಂದು ಸರಪಳಿ ಎಷ್ಟು ಜನರ ಅನ್ನ ಹಿಡಿದಿದೆ ಎಂದು ಆವತ್ತು ತಿಳಿಯಿತು.

'ಸ್ಪಿರಿಟೆಡ್ ಅವೇ'ಯಲ್ಲಿ ಸ್ನಾನಗೃಹದ ಒಡತಿ ಮಾಟಗಾತಿ, ಕೆಲಸಕ್ಕೆ ಬಂದವರ ಹೆಸರು ಕಿತ್ತುಕೊಂಡು ಅವರನ್ನು ಆಳುತ್ತಾಳೆ. ಚಿಹಿರೊ ಎಂಬ ಹೆಸರು ಅವಳ ಕೈಯಲ್ಲಿ 'ಸೆನ್' ಆಗುತ್ತದೆ. ಜಪಾನಿ ಭಾಷೆಯಲ್ಲಿ ಸೆನ್ ಎಂದರೆ ಸಾವಿರ, ಬರೀ ಒಂದು ಅಂಕಿ. ಅವಳ ಗೆಳೆಯ ಹಾಕು ತನ್ನ ಹೆಸರನ್ನೇ ಮರೆತಿದ್ದಾನೆ. ಅವನು ಕೊಹಾಕು ಎಂಬ ಹೊಳೆ. ಆ ಹೊಳೆಯನ್ನು ಮುಚ್ಚಿ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ. ಚಿಕ್ಕವಳಿದ್ದಾಗ ಆ ಹೊಳೆಗೆ ಬಿದ್ದಿದ್ದ ಚಿಹಿರೊ ಅದರ ಹೆಸರು ನೆನಪು ಮಾಡಿಕೊಂಡು ಹೇಳಿದಾಗ ಅವನಿಗೆ ಬಿಡುಗಡೆ. ನಮ್ಮ ಕಾಲುವೆಯ ವಿತರಣಾ ನಾಲೆಗಳಿಗೆ ಅಂಕಿಗಳೇ ಹೆಸರು. ಬಂಗಾಳಿಗಳ ಕ್ಯಾಂಪುಗಳಿಗೂ ಅಂಕಿಗಳೇ ಹೆಸರು. ನಾಲೆಗಳ ಬಸಿನೀರು ಸೇರಿ ಹರಿಯುವ ಹಳ್ಳಗಳಿಗೆ ಮಾತ್ರ ಒಂದು ಕಾಲದಲ್ಲಿ ಊರೂರಿಗೆ ಒಂದೊಂದು ಹೆಸರಿತ್ತು, ಪ್ರತಿ ಹೆಸರಿಗೂ ಒಂದು ಕತೆಯಿತ್ತು.

ಕಾಲುವೆ ಬರುವ ಮೊದಲಿನ ಹೊಲ ಕಂಡವರಿಗೆ ಈಗ ಎಂಬತ್ತು ದಾಟಿದೆ. ನಾನೀಗ ಕ್ಷೇತ್ರಕಾರ್ಯಕ್ಕೆ ಹೋದಲ್ಲೆಲ್ಲ ಅವರನ್ನು ಕೇಳುವ ಮೊದಲ ಪ್ರಶ್ನೆ ಎಕರೆಗೆ ಎಷ್ಟು ಚೀಲ ಎಂಬುದಲ್ಲ. ಈ ಹಳ್ಳಕ್ಕೆ ನಿಮ್ಮ ಕಡೆ ಏನಂತಿದ್ದರು ಎಂದು ಕೇಳುತ್ತೇನೆ, ಊರು, ತಾರೀಖಿನ ಜೊತೆ ಬರೆದುಕೊಳ್ಳುತ್ತೇನೆ. ಅದೇ ನೋಟ್‌ಬುಕ್ಕಿನ ಎದುರು ಪುಟದಲ್ಲಿ ಕಾಲುವೆಯಿಂದ ಆ ಮನೆಗೆ ಬಂದದ್ದೇನು ಎಂಬುದೂ ಇರುತ್ತದೆ.